ಒಗ್ಗರಣೆ ಹಾಕಬಾರದ ಮನೆ

ಹೆಂಡತಿ ಊರಿಗೆ ಹೋದರೆ ಗಂಡಸು ಹಾಯಾಗಿರುತ್ತಾನೆ ಎಂದು ಯಾವ ಪುಣ್ಯಾತ್ಮ ಮೊದಲು ಹೇಳಿದನೋ, ಅವನ ಹೆಂಡತಿ ಮಕ್ಕಳನ್ನೂ ಜೊತೆಗೆ ಕರೆದುಕೊಂಡು ಹೋಗಿದ್ದಿರಬೇಕು. ನನ್ನವಳು ಎರಡನ್ನೂ ನನ್ನ ಕೈಗೆ ಕೊಟ್ಟು, ಒಂದು ಬ್ಯಾಗು ಹಿಡಿದು ಕುಣಿಗಲ್ ಬಸ್ಸು ಹತ್ತಿದಳು. ನಾನು ಬಸ್ ಸ್ಟ್ಯಾಂಡಿನಲ್ಲಿ ದೊಡ್ಡ ಮನುಷ್ಯನ ಹಾಗೆ ನಿಂತು, ಇಲ್ಲಿಯದು ನನಗೆ ಬಿಡು, ಮೂರು ತಿಂಗಳು ಕಣ್ಣು ಮುಚ್ಚಿ ತೆಗೆಯುವುದರೊಳಗೆ ಕಳೆಯುತ್ತದೆ ಎಂದೆ. ಮಗಳಿಗೆ ಒಂಬತ್ತು ವರ್ಷ, ಮಗನಿಗೆ ಆರು. ತೊಂಬತ್ತರ ದಶಕದ ಕೊನೆ ಅದು.

ಅವಳು ಹೋಗಲೇಬೇಕಿತ್ತು. ಕುಣಿಗಲ್ಲಿನಲ್ಲಿ ಅವಳ ತಂಗಿ ಹೆತ್ತಿದ್ದಳು. ಅದಕ್ಕೆ ಮೊದಲು ಎರಡು ಮಕ್ಕಳು ಹುಟ್ಟಿ, ಎರಡೂ ತೊಟ್ಟಿಲು ಕಾಣದೆ ಹೋಗಿದ್ದವು. ಇದು ಮೂರನೆಯದು, ಹಿಡಿಯಷ್ಟು ಹೆಣ್ಣುಮಗು, ಉಸಿರಾಡುತ್ತಿದೆಯೋ ಇಲ್ಲವೋ ಎಂದು ಗಳಿಗೆಗೊಮ್ಮೆ ಬಗ್ಗಿ ನೋಡಬೇಕಾದಂಥದ್ದು. ಬಾಣಂತನ ಮಾಡಲು ತಾಯಿ ಇಲ್ಲ. ನನ್ನ ಅತ್ತೆ ತೀರಿಕೊಂಡು ಎಷ್ಟೋ ವರ್ಷವಾಗಿತ್ತು. ಆ ಹುಡುಗಿಯ ಗಂಡನ ಮನೆಯಲ್ಲಿದ್ದ ಒಬ್ಬ ಮುದುಕಿ ಲಕ್ವ ಹೊಡೆದು ಮಂಚ ಹಿಡಿದಿದ್ದಳು. ಅಕ್ಕ ಹೋಗದೆ ಇನ್ಯಾರು ಹೋಗಬೇಕು? ನನ್ನ ಕಡೆಯೂ ಬಂದು ಮಕ್ಕಳನ್ನು ನೋಡಿಕೊಳ್ಳುವ ಹೆಂಗಸರು ಯಾರೂ ಇರಲಿಲ್ಲ. ಹಾಗಾಗಿ ಅವಳು ಅಲ್ಲಿ, ನಾನು ಇಲ್ಲಿ.

ಆಗ ನಾವು ತುಮಕೂರಿನ ಸದಾಶಿವನಗರದಲ್ಲಿ ಬಾಡಿಗೆಗೆ ಇದ್ದೆವು. ಮುಂದುಗಡೆ ಓನರ್ ಅಜ್ಜಿಯ ಮನೆ, ಅದರ ಪಕ್ಕದಲ್ಲಿ ಒಬ್ಬರು ಬಂದರೆ ಇನ್ನೊಬ್ಬರು ಗೋಡೆಗೆ ಒರಗಬೇಕಾದಂಥ ಓಣಿ, ಓಣಿಯ ಬಾಯಿಗೊಂದು ಕಬ್ಬಿಣದ ಗೇಟು, ಹಿಂದುಗಡೆ ನಮ್ಮ ಹಾಲ್, ರೂಮು, ಅಡಿಗೆಮನೆ. ನನ್ನದು ಶಿರಾ ಗೇಟಿನಲ್ಲಿ ಮೋಟರ್ ರಿವೈಂಡಿಂಗ್ ಅಂಗಡಿ. ಸುಟ್ಟುಹೋದ ಬೋರ್‌ವೆಲ್ ಮೋಟರಿನ ಹೊಟ್ಟೆ ಬಗೆದು, ಕರಕಲು ತಂತಿ ಕಿತ್ತು, ಹೊಸ ತಾಮ್ರದ ತಂತಿ ಸುತ್ತಿ, ವಾರ್ನಿಶ್ ಕುಡಿಸಿ ಒಣಗಿಸಿ ಕೊಡುವ ಕೆಲಸ. ಶಿವರಾತ್ರಿ ಕಳೆದು ಬಿಸಿಲು ಏರಿತೆಂದರೆ ನನಗೆ ಉಸಿರು ಬಿಡಲೂ ಪುರುಸೊತ್ತಿರುತ್ತಿರಲಿಲ್ಲ. ಇವಳು ಹೋದದ್ದು ಸರಿಯಾಗಿ ಶಿವರಾತ್ರಿಯ ಹಿಂದೆಮುಂದೆ.

ಮೊದಲ ದಿನಗಳು ಹೇಗೋ ನಡೆದವು. ಜಡೆ ಹೆಣೆಯುವುದು ನನಗೆ ಬಲು ಬೇಗ ಬಂತು. ದಿನವಿಡೀ ತಂತಿ ಬಿಗಿದು ಸುತ್ತುವ ಕೈ ಅಲ್ಲವೇ, ಮಗಳ ಎರಡು ಜಡೆಯನ್ನೂ ಎಳೆದು ಎಷ್ಟು ಬಿಗಿಯಾಗಿ ಹಾಕುತ್ತಿದ್ದೆನೆಂದರೆ ಹುಡುಗಿಯ ಹುಬ್ಬು ಮೇಲಕ್ಕೆ ಹೋಗುತ್ತಿತ್ತು. ಸ್ಕೂಲಿನಲ್ಲಿ ಮಿಸ್ಸು, ಯಾಕೆ ಯಾವಾಗಲೂ ಆಶ್ಚರ್ಯಪಟ್ಟ ಹಾಗೆ ನೋಡುತ್ತೀಯ ಎಂದು ಕೇಳಿದರಂತೆ. ಸಂಜೆ ಮನೆಗೆ ಬಂದು ನನ್ನ ಮೇಲೆ ಮುನಿಸಿಕೊಂಡಳು. ನಾಳೆಯಿಂದ ನೀನೇ ಹಾಕಿಕೋ ಹೋಗು ಎಂದು ನಾನೂ ರೇಗಿದೆ. ಮಾರನೆಯ ಬೆಳಿಗ್ಗೆ ಮತ್ತೆ ಬಾಚಣಿಗೆ ಹಿಡಿದು ನನ್ನ ಮುಂದೆಯೇ ಬಂದು ಕೂತಳು, ಹಾಕಿದೆ.

ಅಡಿಗೆಯಲ್ಲಿ ನನಗೆ ಗೊತ್ತಿದ್ದುದು ಒಂದೇ ವಿದ್ಯೆ, ಒಗ್ಗರಣೆ. ಬೇಳೆ ಬೆಂದಿರಲಿ ಬಿಡಲಿ, ಉಪ್ಪು ಹೆಚ್ಚಾಗಲಿ ಕಡಿಮೆಯಾಗಲಿ, ಮೇಲೆ ಸಾಸಿವೆ, ಕರಿಬೇವು, ಒಣಮೆಣಸಿನಕಾಯಿ, ಜಜ್ಜಿದ ಬೆಳ್ಳುಳ್ಳಿ ಹಾಕಿ ಚೊಂಯ್ ಎನ್ನಿಸಿಬಿಟ್ಟರೆ ಮಕ್ಕಳು ತಟ್ಟೆ ತೆಗೆದುಕೊಂಡು ಓಡಿಬರುತ್ತಿದ್ದರು. ಮಗನಿಗಂತೂ ಆ ಸದ್ದೇ ಊಟದ ಗಂಟೆ. ನಿನ್ನೆಯ ಸಾರಿಗೂ ಒಗ್ಗರಣೆ, ತಂಗಳನ್ನಕ್ಕೂ ಒಗ್ಗರಣೆ, ಕೊನೆಗೆ ಉಪ್ಪಿಟ್ಟು ಮುದ್ದೆಯಾದಾಗ ಅದಕ್ಕೂ ಇನ್ನೊಂದು ಒಗ್ಗರಣೆ. ಫೋನಿನಲ್ಲಿ ಹೆಂಡತಿ, ಏನು ಮಾಡಿ ಹಾಕುತ್ತಿದ್ದೀರಿ ಎಂದು ಕೇಳಿದರೆ ನಾನು ಎದೆಯುಬ್ಬಿಸಿ ಹೇಳುತ್ತಿದ್ದೆ.

ಫೋನು ನಮ್ಮದಲ್ಲ, ಓನರ್ ಅಜ್ಜಿಯದು. ಹೆಂಡತಿ ಕುಣಿಗಲ್ಲಿನ ಎಸ್‌ಟಿಡಿ ಬೂತಿನಿಂದ ಸಂಜೆ ಹೊತ್ತು ಮಾಡುತ್ತಿದ್ದಳು. ಅಜ್ಜಿ ಓಣಿಯ ಕಡೆಯ ಕಿಟಕಿಯಿಂದ ಒಂದು ಕೂಗು ಹಾಕಿ, ಸರಳುಗಳ ನಡುವೆ ರಿಸೀವರ್ ತೂರಿಸುತ್ತಿದ್ದಳು. ನಾವು ಓಣಿಯಲ್ಲಿ ನಿಂತು ಮಾತಾಡಬೇಕು. ಅಜ್ಜಿ ಒಳಗೆ ಕೂತು ಪೂರ್ತಿ ಕೇಳಿಸಿಕೊಳ್ಳುತ್ತಿದ್ದಳು, ಅದನ್ನು ಮುಚ್ಚಿಡುವ ಅಭ್ಯಾಸ ಅವಳಿಗಿರಲಿಲ್ಲ.

ಒಂದು ಬೆಳಿಗ್ಗೆ ಮಗನ ಬೆನ್ನಿಗೆ ನೀರು ಹಾಕುವಾಗ ನಾಲ್ಕೈದು ಗುಳ್ಳೆ ಕಂಡವು. ಸೊಳ್ಳೆ ಎಂದುಕೊಂಡೆ. ಮೈ ಬೆಚ್ಚಗಿತ್ತು, ಬಿಸಿನೀರಿನದು ಎಂದುಕೊಂಡೆ. ಮಧ್ಯಾಹ್ನದ ಹೊತ್ತಿಗೆ ಹೊಟ್ಟೆ, ಕುತ್ತಿಗೆ, ಕಿವಿಯ ಹಿಂದೆ ಎಲ್ಲ ನೀರು ತುಂಬಿದ ಗುಳ್ಳೆಗಳೆದ್ದು, ಸ್ಕೂಲಿನವರು ವಾಪಸ್ಸು ಕಳಿಸಿದರು. ಓಣಿಯಲ್ಲಿ ಹೊತ್ತುಕೊಂಡು ಬರುತ್ತಿದ್ದಾಗ ಓನರ್ ಅಜ್ಜಿ ಕಿಟಕಿಯಿಂದ ನೋಡಿದವಳೇ ಎರಡೂ ಕೈ ಕೆನ್ನೆಗೆ ಬಡಿದುಕೊಂಡಳು. "ಅಮ್ಮ ಹಾಕವ್ಳೆ ಕಣಪ್ಪ ಮಗೀಗೆ. ಒಳೀಕೆ ಕರ್ಕೊಂಡೋಗು, ಎಲ್ಲೂ ಆಚೆ ತರ್ಬೇಡ" ಎಂದಳು. ಚಿಕನ್ ಪಾಕ್ಸ್ ಎಂದು ಡಾಕ್ಟರು ಹೇಳುವುದಕ್ಕಿಂತ ಮೊದಲೇ ನಮ್ಮ ಬಾಗಿಲಿಗೆ ಬೇವಿನ ಸೊಪ್ಪು ಬಂದಿತ್ತು.

ಅಲ್ಲಿಂದ ಶುರುವಾಯಿತು ನನ್ನ ಜೈಲು. ಅಮ್ಮ ಬಂದ ಮನೆಯ ಕಾನೂನು ಗೊತ್ತಿಲ್ಲದವರಿಗೆ ಹೇಳುತ್ತೇನೆ. ತಲೆ ಬಾಚಬಾರದು. ಸೋಪು ಮುಟ್ಟಬಾರದು. ಕೆರೆದುಕೊಳ್ಳಬಾರದು, ಬೇವಿನ ಎಸಳಿನಿಂದ ಸವರಬೇಕು. ನಾನು ಗಡ್ಡ ಹೆರೆಯಬಾರದು. ಹೊರಗಿನವರು ಹೊಸಿಲು ದಾಟಬಾರದು, ಒಳಗಿನವರು ಇನ್ನೊಬ್ಬರ ಮನೆಗೆ ಹೋಗಬಾರದು. ಬಾಣಂತಿಯ ಮನೆಗಂತೂ ಈ ಕಡೆಯ ಗಾಳಿಯೂ ಸೋಕಬಾರದು. ಎಲ್ಲಕ್ಕಿಂತ ಮೇಲೆ, ಒಲೆಯ ಮೇಲೆ ಎಣ್ಣೆ ಕಾಯಿಸಬಾರದು. ಒಗ್ಗರಣೆಯ ಘಾಟು ಎದ್ದರೆ ಅಮ್ಮನಿಗೆ ಉರಿಯಂತೆ, ಗುಳ್ಳೆ ಇನ್ನಷ್ಟು ಏಳುತ್ತವಂತೆ. ಅನ್ನ, ಮಜ್ಜಿಗೆ, ಬರೀ ಬೇಳೆ ಬೇಯಿಸಿದ ಸಪ್ಪೆ ಸಾರು, ರಾಗಿ ಅಂಬಲಿ, ಇಷ್ಟೇ. ನನಗೆ ಬರುತ್ತಿದ್ದ ಒಂದೇ ವಿದ್ಯೆಗೂ ಕಲ್ಲು ಬಿತ್ತು.

ಇದನ್ನೆಲ್ಲ ನಾನು ನಂಬುತ್ತಿದ್ದೆನೇ? ಹಾಳಾಗಲಿ, ನಂಬುವುದು ಬಿಡುವುದು ಯಾರು ಕೇಳಿದರು. ಗೋಡೆಯ ಆಚೆ ಓನರ್ ಅಜ್ಜಿಯ ಮೂಗು ಇತ್ತು. ಅವಳ ಮನೆಯಲ್ಲಿ ಎರಡು ವರ್ಷದ ಮೊಮ್ಮಗನಿದ್ದ. ಅವಳ ಭಯ ಸುಳ್ಳಲ್ಲ. ಡಾಕ್ಟರೂ ಹೆಚ್ಚು ಕಡಿಮೆ ಅದನ್ನೇ ಬೇರೆ ಮಾತಿನಲ್ಲಿ ಹೇಳಿದ್ದರು, ಗುಳ್ಳೆ ಒಣಗಿ ಹಕ್ಕಳೆ ಉದುರುವ ತನಕ ಯಾರನ್ನೂ ಸೇರಿಸಬೇಡಿ ಎಂದು. ನಿಮಗೆ ಆಗಿದೆಯೇ ಎಂದು ಕೇಳಿದರು. ನನಗೆ ಚಿಕ್ಕಂದಿನಲ್ಲೇ ಆಗಿತ್ತು, ಮೂಗಿನ ಮೇಲೆ ಗುರುತಿದೆ. ಹೆಂಡತಿಗೆ ಎಂದು ಕೇಳಿದಾಗ ಗೊತ್ತಿಲ್ಲ ಎಂದೆ. ವಿಚಾರಿಸಿ, ದೊಡ್ಡವರಿಗೆ ಬಂದರೆ ಸುಮ್ಮನೆ ಬಿಡುವುದಿಲ್ಲ, ಎದೆಗೆ ಇಳಿಯುತ್ತದೆ ಎಂದರು.

ಅಂಗಡಿಗೆ ಬೀಗ ಬಿತ್ತು. ವಸಂತನರಸಾಪುರದ ಕಡೆ ಷೆಡ್ಡು ಕಟ್ಟಿಸುತ್ತಿದ್ದ ಒಬ್ಬ ಕಂಟ್ರಾಕ್ಟರನ ಮೋಟರು ಒಳಗೆ ಸಿಕ್ಕಿಕೊಂಡಿತ್ತು. ಮನೆ ಹುಡುಕಿಕೊಂಡು ಬಂದು ಗೇಟಿನಾಚೆ ನಿಂತು ಕೂಗಾಡಿದ. ನಾನು ಅಂಗಡಿಯ ಬೀಗದ ಕೈಯನ್ನು ಅವನತ್ತ ಎಸೆದು, ತೆಗೆದುಕೊಂಡು ಹೋಗಿ ಬೇರೆಯವನ ಹತ್ತಿರ ಮಾಡಿಸಿಕೋ ಮಾರಾಯ ಎಂದೆ. ಬೇವಿನ ಸೊಪ್ಪು ನೋಡಿ ಬಿದ್ದ ಬೀಗದ ಕೈಯನ್ನು ಅವನು ಕರ್ಚೀಫಿನಲ್ಲಿ ಎತ್ತಿಕೊಂಡ, ಸಂಜೆ ಹಾಗೇ ಗೇಟಿನೊಳಕ್ಕೆ ಎಸೆದು ಹೋದ. ಮನೆಯಲ್ಲೇ ಒಂದು ಸಣ್ಣ ಮೋಟರು ಬಿಚ್ಚೋಣವೆಂದು ಕೂತರೆ, ಕಿಟಕಿಯಿಂದ ಅಜ್ಜಿ, ಆ ವಾರ್ನಿಶ್ ವಾಸನೆ ಆಗದಪ್ಪ ಎಂದಳು. ಅದನ್ನೂ ಮಂಚದ ಕೆಳಗೆ ತಳ್ಳಿದೆ.

ಇನ್ನು ಉಳಿದದ್ದು ಎರಡು ಮಕ್ಕಳು, ನಾಲ್ಕು ಗೋಡೆ, ಒಂದು ಓಣಿ. ಮಗ ಕೆರೆದುಕೊಳ್ಳದ ಹಾಗೆ ಕೈಗೆ ನನ್ನ ಕಾಲುಚೀಲ ಹಾಕಿ ಕಟ್ಟಿದೆ. ಅವನು ಬೆನ್ನನ್ನು ಬಾಗಿಲ ಕಂಬಕ್ಕೆ ಉಜ್ಜಿದ. ಎಮ್ಮೆ ಉಜ್ಜಿದ ಹಾಗೆ ಉಜ್ಜಬೇಡ ಎಂದು ಬೈದೆ, ಅತ್ತ. ಅತ್ತರೆ ಗುಳ್ಳೆ ಒಡೆಯುತ್ತದೆ ಎಂದೆ, ಇನ್ನೂ ಅತ್ತ. ಮಗಳು ಬೇಸರಕ್ಕೆ ನನ್ನ ಹಿಂದೆಯೇ ಅಡಿಗೆಮನೆಯಿಂದ ಹಾಲಿಗೆ, ಹಾಲಿನಿಂದ ಅಡಿಗೆಮನೆಗೆ ಬರುತ್ತಿದ್ದಳು. ನಾನು ನಿಂತರೆ ನಿಲ್ಲುತ್ತಿದ್ದಳು, ತಿರುಗಿದರೆ ಡಿಕ್ಕಿ ಹೊಡೆಯುತ್ತಿದ್ದಳು. ಮಧ್ಯಾಹ್ನ ಶೀಟಿನ ಕೆಳಗೆ ಮನೆ ಕಾದು ಒಲೆಯಾಗುತ್ತಿತ್ತು. ನಾನು ಓಣಿಯಲ್ಲಿ ಗೇಟಿನ ಕಂಬಿ ಹಿಡಿದು ರಸ್ತೆಯಲ್ಲಿ ಹೋಗುವ ಆಟೋಗಳನ್ನು ನೋಡುತ್ತಾ ನಿಲ್ಲುತ್ತಿದ್ದೆ. ಅಪರಿಚಿತರು ಸೈಕಲ್ಲಿನಲ್ಲಿ ಹೋಗುವುದನ್ನು ಕಂಡರೂ ಹೊಟ್ಟೆಕಿಚ್ಚಾಗುತ್ತಿತ್ತು. ಗಡ್ಡ ಬೆಳೆದ ಮುಖವನ್ನು ಕಿಟಕಿಯ ಗಾಜಿನಲ್ಲಿ ನೋಡಿಕೊಂಡರೆ ಪೊಲೀಸರು ಹಿಡಿದು ತಂದವನ ಹಾಗೆ ಕಾಣುತ್ತಿದ್ದೆ.

ಹೆಂಡತಿಗೆ ಹೇಳಲಿಲ್ಲ. ಹೇಳಿದರೆ ಮುಂದಿನ ಬಸ್ಸಿಗೆ ಬಂದುಬಿಡುತ್ತಾಳೆ. ಈ ಮನೆಗೆ ಬಂದವಳು ಮತ್ತೆ ಆ ಬಾಣಂತಿಯ ಮನೆಗೆ ಹೋಗುವಂತಿಲ್ಲ. ಅಲ್ಲಿ ಆ ಹಿಡಿಯಷ್ಟು ಕೂಸಿಗೆ ನೀರು ಹಾಕುವವರಿಲ್ಲ. ಹಾಗಾಗಿ ಫೋನಿನಲ್ಲಿ ಎಲ್ಲ ಚೆನ್ನಾಗಿದ್ದೇವೆ ಎಂದೆ, ಮಕ್ಕಳು ಆಡಲು ಹೋಗಿದ್ದಾರೆ ಎಂದೆ. ಅಜ್ಜಿ ಒಳಗಿನಿಂದ ಕೇಳಿಸಿಕೊಳ್ಳುತ್ತಾ ತಲೆಯಾಡಿಸುತ್ತಿದ್ದಳು. ಈ ಸುಳ್ಳಿಗೆ ಅವಳ ಒಪ್ಪಿಗೆಯಿತ್ತು.

ಮಗನಿಗೆ ಬೇವು, ಅರಿಶಿನ ಹಾಕಿ ಬಿಸಿಲಿನಲ್ಲಿಟ್ಟ ನೀರು ಒಂದು ಸಲ, ಎರಡು ಸಲ, ಮೂರು ಸಲ ಆಯಿತು. ಮೂರು ನೀರಾದರೆ ಬಿಡುಗಡೆ. ಹಕ್ಕಳೆ ಉದುರಿದವು. ಮಾರನೆಯ ದಿನ ಅಂಗಡಿ ತೆಗೆಯುವುದೆಂದು ಶರಟು ಇಸ್ತ್ರಿ ಮಾಡಿಟ್ಟುಕೊಂಡೆ. ಅವತ್ತು ಸಾಯಂಕಾಲ ಮಗಳು ಬಂದು, ಏನೂ ಮಾತಾಡದೆ, ತೋಳು ಮುಂದೆ ಚಾಚಿದಳು. ಮೂರು ಗುಳ್ಳೆ. ನಾನು ಗೋಡೆಗೆ ಒರಗಿ ಹಾಗೇ ಕೆಳಗೆ ಕೂತೆ. ನನಗೆ ಅಳು ಬಂದಿತ್ತು, ಸಿಟ್ಟಿನ ಅಳು. ಮಗಳು, ಬೇಕು ಅಂತ ಮಾಡಿಲ್ಲ ಅಪ್ಪ ಎಂದಳು.

ಮತ್ತೆ ಮೊದಲಿನಿಂದ ಶುರು. ಅವಳಿಗೆ ತಮ್ಮನಿಗಿಂತ ಜೋರಾಗಿ ಬಂತು. ನೆತ್ತಿಯಲ್ಲಿ, ಬಾಯೊಳಗೆ, ರೆಪ್ಪೆಯ ಮೇಲೆ. ಎಳನೀರು ನುಂಗಲೂ ನೋವು. ಬೇವಿನ ಸೊಪ್ಪಿನ ಮೇಲೆ ಬಿಳಿ ಪಂಚೆ ಹಾಸಿ ಮಲಗಿಸಿದ್ದೆ. ಬಿಗಿಯಾಗಿ ಹೆಣೆಯುತ್ತಿದ್ದ ಕೂದಲು ಬಿಚ್ಚಿಹೋಗಿ ಗಂಟಾಗಿತ್ತು, ಮುಟ್ಟುವ ಹಾಗಿಲ್ಲ. ಅವಳು ಅಳುತ್ತಿರಲಿಲ್ಲ. ಅಮ್ಮ ಯಾವಾಗ ಬರುತ್ತಾಳೆ ಎಂದು ಮಾತ್ರ ಕೇಳುತ್ತಿದ್ದಳು, ನಾನು ಪಕ್ಕ ಕೂತು ಬೇವಿನ ಎಸಳು ಆಡಿಸುವಾಗೆಲ್ಲ ಕೇಳುತ್ತಿದ್ದಳು. ಆ ದಿನಗಳಲ್ಲಿ ನನಗೆ ಹೆಂಡತಿ ಬೇಕಾಗಿದ್ದಷ್ಟು ಮದುವೆಯಾದ ಹೊಸತರಲ್ಲೂ ಬೇಕಾಗಿರಲಿಲ್ಲ. ಕೂಸು ನೋಡುವವರು ಬೇರೆ ಯಾರಾದರೂ ಸಿಗಲಿ, ಇನ್ನೊಂದು ಸಲ ಫೋನು ಬಂದರೆ ಬಾ ಎಂದುಬಿಡುತ್ತೇನೆ ಎಂದು ತೀರ್ಮಾನ ಮಾಡಿಕೊಂಡೆ.

ಅಷ್ಟರಲ್ಲಿ ಗುಬ್ಬಿಯಿಂದ ಮಾವ ಬಂದರು, ಹೆಂಡತಿಯ ಅಪ್ಪ. ಕುಣಿಗಲ್ಲಿಗೆ ಕೂಸು ನೋಡಲು ಹೊರಟವರು, ದಾರಿಯಲ್ಲಿ ಮೊಮ್ಮಕ್ಕಳಿಗೆ ಒಂದಷ್ಟು ಎಳನೀರು ಕೊಟ್ಟು ಹೋಗೋಣವೆಂದು ಇಳಿದಿದ್ದರು. ಬೇವು ಕಂಡು ಗೇಟಿನಾಚೆಯೇ ನಿಂತರು. ನಾನು ಓಣಿಯಲ್ಲಿ ನಿಂತು ಎಲ್ಲ ಹೇಳಿದೆ. ನಿಮ್ಮ ಮಗಳಿಗೆ ವಿಷಯ ಮುಟ್ಟಿಸಿ, ಕರೆಸಿಕೊಳ್ಳುವುದೇ ಸರಿ ಅನ್ನಿಸುತ್ತಿದೆ ಎಂದೆ. ಅವರು ಎಳನೀರಿನ ಚೀಲ ಕೆಳಗಿಟ್ಟರು.

"ಬ್ಯಾಡ ಕಣಪ್ಪ. ಅವ್ಳಿಗೆ ಆಗಿಲ್ಲ" ಎಂದರು.

ಚಿಕ್ಕವಳಿಗೆ ಆದಾಗ ದೊಡ್ಡವಳನ್ನು ಅವಳ ಅಜ್ಜಿಯ ಊರಿಗೆ ಕಳಿಸಿಬಿಟ್ಟಿದ್ದರಂತೆ. ಹಾಗಾಗಿ ತಂಗಿಗೆ ಬಂದು ಹೋಯಿತು, ಅಕ್ಕನಿಗೆ ಬರಲೇ ಇಲ್ಲ. ಆಗ ಉಳಿಸಿಕೊಂಡೆವು ಎಂದು ಖುಷಿಪಟ್ಟಿದ್ದರಂತೆ. ಮಾವನ ಒಡಹುಟ್ಟಿದ ತಮ್ಮನಿಗೆ ಮೀಸೆ ಬಂದ ಮೇಲೆ ಅಮ್ಮ ಬಂದು, ಮೊದಲನೇ ನೀರು ಹಾಕುವುದಕ್ಕೂ ಇರಲಿಲ್ಲವಂತೆ. ಅದನ್ನು ಹೇಳುವಾಗ ಅವರು ನನ್ನ ಮುಖ ನೋಡದೆ ಗೇಟಿನ ಚಿಲಕ ನೋಡುತ್ತಿದ್ದರು. ಬರಬೇಡ ಅಂದರೆ ಕೇಳುವ ಪೈಕಿ ಅಲ್ಲ ಅವಳು, ಅದಕ್ಕೇ ಗೊತ್ತೇ ಆಗಬಾರದು ಎಂದರು. ಅವರೂ ಕುಣಿಗಲ್ಲಿಗೆ ಹೋಗದೆ, ಎಲ್ಲಿ ಬಾಯಿ ತಪ್ಪುತ್ತದೋ ಎಂದು, ಅಲ್ಲಿಂದಲೇ ಗುಬ್ಬಿಗೆ ವಾಪಸ್ಸಾದರು.

ದೊಡ್ಡವರಿಗೆ ಬಂದರೆ ಎದೆಗೆ ಇಳಿಯುತ್ತದೆ ಎಂದು ಡಾಕ್ಟರು ಹೇಳಿದ್ದು ಆಗ ನನಗೆ ನೆನಪಾಯಿತು. ಇಷ್ಟು ದಿನ ನಾನು ಕಾಯುತ್ತಿದ್ದುದು ಯಾರದೋ ಕೂಸನ್ನು ಎಂದುಕೊಂಡಿದ್ದೆ. ಇನ್ನು ಮೇಲೆ ಕಾಯಬೇಕಾಗಿದ್ದುದು ಅವಳನ್ನೇ. ಅವಳು ಬಂದರೆ ನನಗೆ ಬಿಡುಗಡೆ, ಮಗಳಿಗೆ ಜೀವ ಬಂದಂತಾಗುತ್ತದೆ. ಆದರೆ ಅವಳು ಈ ಹೊಸಿಲು ದಾಟಿದರೆ ಏನಾಗುತ್ತದೋ ದೇವರೇ ಬಲ್ಲ. ಬಾ ಎನ್ನಬೇಕೆಂದು ಕಟ್ಟಿಕೊಂಡಿದ್ದ ಮಾತನ್ನು ನುಂಗಿದೆ.

ಮುಂದಿನ ಸಲ ಫೋನು ಬಂದಾಗ ಅವಳು ಪಟ್ಟು ಹಿಡಿದಳು. ಎಷ್ಟು ದಿನವಾಯಿತು ಮಕ್ಕಳ ದನಿ ಕೇಳಿ, ಯಾವಾಗ ಮಾಡಿದರೂ ಆಡಲು ಹೋಗಿದ್ದಾರೆ, ಮಲಗಿದ್ದಾರೆ ಅನ್ನುತ್ತೀರಿ, ಈಗ ಕರೆಯದಿದ್ದರೆ ಫೋನು ಇಡುವುದಿಲ್ಲ ಎಂದಳು. ಮಗಳು ಗೆಳತಿಯ ಮನೆಗೆ ಹೋಂವರ್ಕಿಗೆ ಹೋಗಿದ್ದಾಳೆ, ಮಗನನ್ನು ಕರೆಯುತ್ತೇನೆ ಇರು ಎಂದೆ. ಅವನಿಗೆ ಪೂರ್ತಿ ವಾಸಿಯಾಗಿತ್ತು. ಈ ದಿನ ಬಂದೇ ಬರುತ್ತದೆಂದು ಗೊತ್ತಿದ್ದುದರಿಂದ ಅವನಿಗೆ ಪಾಠವನ್ನೂ ಹೇಳಿಟ್ಟಿದ್ದೆ. ಗುಳ್ಳೆ ಅನ್ನಬಾರದು, ಕಡಿತ ಅನ್ನಬಾರದು, ಬೇವು ಅನ್ನಬಾರದು, ಅಕ್ಕ ಮಲಗಿದ್ದಾಳೆ ಅನ್ನಬಾರದು, ಅಂಗಡಿ ಬೀಗ ಅನ್ನಬಾರದು. ಮನೆಯಲ್ಲಿ ನಾನೇ ಅವಳ ಜಾಗದಲ್ಲಿ ನಿಂತುಕೊಂಡು, ಪ್ರಶ್ನೆ ಕೇಳಿ ಕೇಳಿ ತಾಲೀಮು ಮಾಡಿಸಿದ್ದೆ.

ಹುಡುಗ ಎತ್ತರಕ್ಕೆ ನಿಲುಕದೆ ಬಕೆಟ್ಟು ಬೋರಲು ಹಾಕಿ ಅದರ ಮೇಲೆ ನಿಂತು ಮಾತಾಡಿದ. ನಾನು ಕಿವಿಯನ್ನು ರಿಸೀವರಿಗೆ ತಾಗಿಸಿ ಪಕ್ಕದಲ್ಲೇ ಬಗ್ಗಿ ನಿಂತಿದ್ದೆ. ಏನೇನು ಕೇಳಿದರೂ ಸರಿಯಾಗಿ ಹೇಳಿದ. ಸ್ಕೂಲು ಚೆನ್ನಾಗಿದೆ ಎಂದ. ಅಕ್ಕ ಹೋಂವರ್ಕಿಗೆ ಹೋಗಿದ್ದಾಳೆ ಎಂದ. ಅಪ್ಪ ಹೊಡೆಯುವುದಿಲ್ಲ ಎಂದ. ಕಿಟಕಿಯ ಒಳಗೆ ಅಜ್ಜಿಯ ಮುಖವೂ ಅರಳಿತ್ತು. ನಾನು ಅವನ ಬೆನ್ನು ತಟ್ಟಿದೆ. ಆಗ ಅವಳು, ಯಾವ ತಾಯಿಯಾದರೂ ಕೇಳುವಂತೆ, ಏನು ಊಟ ಮಾಡಿದೆ ಮಗನೇ ಎಂದು ಕೇಳಿದಳು.

"ಅನ್ನ ಸಾರು. ಅಪ್ಪ ಒಗ್ಗರಣೆನೇ ಹಾಕಲ್ಲ ಅಮ್ಮ. ದಿನಾ ಬರೀ ಸಪ್ಪೆ."

ಬೂತಿನಾಚೆ ಬಸ್ಸಿನ ಹಾರ್ನು ಕೇಳಿಸುತ್ತಿತ್ತು, ಅವಳ ಉಸಿರು ಕೇಳಿಸುತ್ತಿತ್ತು. ಒಗ್ಗರಣೆಯ ಬಗ್ಗೆ ಅವನಿಗೆ ಹೇಳಿಕೊಟ್ಟಿರಲಿಲ್ಲ, ನನಗೆ ಹೊಳೆದೇ ಇರಲಿಲ್ಲ. ನಮ್ಮ ಕಡೆಯ ಯಾವ ಹೆಂಗಸಿಗೂ ಅದಕ್ಕಿಂತ ಹೆಚ್ಚು ಹೇಳಬೇಕಾಗಿಲ್ಲ, ಅದರಲ್ಲೂ ಗಂಡನ ಅಡಿಗೆಯ ಹಣೆಬರಹ ಗೊತ್ತಿದ್ದವಳಿಗೆ. ನಾನು ರಿಸೀವರ್ ಕಿತ್ತುಕೊಂಡು, ಎಣ್ಣೆ ಮುಗಿದುಹೋಗಿತ್ತು ಕಣೇ, ತರಲು ಮರೆತೆ ಎಂದೆ. ಅವಳು ಕೇಳಿದ್ದು ಒಂದೇ ಮಾತು.

"ಯಾರಿಗೆ? ಇವ್ನ ದನಿ ಚೆನ್ನಾಗಿದೆ. ಅವ್ಳಿಗಾ?"

ನಾನು ಮಗನನ್ನು ಬಕೆಟ್ಟಿನಿಂದ ಕೆಳಗಿಳಿಸಿದೆ. ಅವಳು ಫೋನು ಇಟ್ಟಳು.

ಬೆಳಿಗ್ಗೆ ಹಾಲಿನವನು ಬಂದು ಹೋದ ಸ್ವಲ್ಪ ಹೊತ್ತಿಗೆ ಗೇಟು ಅಲ್ಲಾಡಿಸಿದ ಸದ್ದಾಯಿತು. ನಾನು ರಾತ್ರಿಯೇ ಬೀಗ ಹಾಕಿಟ್ಟಿದ್ದೆ. ಅವಳು ಬಸ್ಸಿನಲ್ಲಿ ನಿಂತೇ ಬಂದಿರಬೇಕು, ಸೀರೆ ನಜ್ಜುಗುಜ್ಜಾಗಿತ್ತು, ತಲೆ ಬಾಚಿರಲಿಲ್ಲ. ಬೀಗ ನೋಡಿದಳು, ನನ್ನ ಗಡ್ಡ ನೋಡಿದಳು. ಒಂದು ಕ್ಷಣ ಅವಳಿಗೆ ಅಯ್ಯೋ ಅನ್ನಿಸಿತು, ಮುಖದಲ್ಲಿ ಗೊತ್ತಾಯಿತು. ನಾನು ಹತ್ತಿರ ಹೋಗದೆ ಓಣಿಯ ನಡುವೆಯೇ ನಿಂತು, ನಿನಗೆ ಆಗಿಲ್ಲ, ನಿಮ್ಮಪ್ಪ ಹೇಳಿದರು, ಹಿಂದಕ್ಕೆ ಹೋಗು ಎಂದೆ.

ಆಗಿದೆ ಎಂದಳು. ನಮ್ಮಪ್ಪನಿಗೆ ಏನು ಗೊತ್ತು, ಅಜ್ಜಿಯ ಊರಿನಲ್ಲೇ ಆಗಿತ್ತು, ಅಜ್ಜಿಯೇ ನೀರು ಹಾಕಿದಳು, ಯಾರಿಗೂ ಹೇಳಿರಲಿಲ್ಲ ಎಂದಳು. ಕಣ್ಣು ಮಿಟುಕಿಸದೆ ಹೇಳಿದಳು. ಓನರ್ ಅಜ್ಜಿ ಕಿಟಕಿಯಿಂದ ಅವಳನ್ನೇ ಕೇಳಿದಳು, ನಿಜವಾಗಲೂ ಆಗಿದೆಯೇನಮ್ಮ ಎಂದು. ಹೂಂ ಎಂದಳು. ಸರಿ, ಆಗಿದ್ದರೆ ಇನ್ನೇನು, ತೆಗೆಯಪ್ಪ, ಮಗು ಒಂದೇ ಸಮ ಕನವರಿಸುತ್ತಿದೆ ಎಂದು ಅಜ್ಜಿ ನನಗೇ ಬುದ್ಧಿ ಹೇಳಿದಳು. ದನಿ ಕೇಳಿ ಮಗ ಓಡಿಬಂದ, ನಾನು ರಟ್ಟೆ ಹಿಡಿದು ನಿಲ್ಲಿಸಿದೆ. ಒಳಗಿನಿಂದ ಮಗಳು ಅಮ್ಮಾ ಎಂದು ಕೂಗಿದಳು. ಬಾಯೊಳಗೆ ಹುಣ್ಣಾಗಿ ಮಾತೇ ಹೊರಡದವಳು, ಅಷ್ಟು ಜೋರಾಗಿ ಹೇಗೆ ಕೂಗಿದಳೋ.

ನನ್ನ ಕೈ ಜೇಬಿನಲ್ಲಿದ್ದ ಬೀಗದ ಕೈಯ ಮೇಲೆಯೇ ಇತ್ತು. ನಿಜವಿದ್ದರೂ ಇರಬಹುದಲ್ಲ ಅನ್ನಿಸಿತು. ಅವಳೇ ಹೇಳುತ್ತಿದ್ದಾಳೆ, ಅಜ್ಜಿ ಒಪ್ಪಿದ್ದಾಳೆ, ನಾನ್ಯಾಕೆ ಅಡ್ಡ? ತೆಗೆದರೆ ಹತ್ತು ನಿಮಿಷದಲ್ಲಿ ನಾನು ಗಡ್ಡ ಹೆರೆದುಕೊಂಡು ಶಿರಾ ಗೇಟಿನಲ್ಲಿರುತ್ತೇನೆ. ಹಾಗಾದರೆ ಗುರುತು ತೋರಿಸು ಎಂದೆ. ಎಲ್ಲಾದರೂ ಒಂದು ಕಲೆ ಇರಲೇಬೇಕಲ್ಲ.

ಅವಳು ಸೆರಗು ಸರಿಸಿ ಎಡ ಮೊಣಕೈಯ ಹತ್ತಿರದ ಒಂದು ಬಿಳಿ ಕಲೆ ತೋರಿಸಿದಳು. ಅದು ನಮ್ಮ ಮದುವೆಯಾದ ವರ್ಷ ಹೋಳಿಗೆ ಹೆಂಚು ತಗುಲಿ ಸುಟ್ಟಿದ್ದು. ಊದಿ ಊದಿ ಮುಲಾಮು ಹಚ್ಚಿದವನು ನಾನೇ. ಅವಳ ಮೈಮೇಲೆ ಬೇರೆ ಒಂದು ಚುಕ್ಕೆಯೂ ಇಲ್ಲವೆಂದು ಇಡೀ ತುಮಕೂರಿನಲ್ಲಿ ಗೊತ್ತಿದ್ದವನೂ ನಾನೊಬ್ಬನೇ.

"ಅದು ಹೆಂಚಿಂದು" ಎಂದೆ.

ಆಮೇಲೆ ಅವಳು ಬೈದಳು. ಗೇಟಿನ ಕಂಬಿ ಹಿಡಿದು, ನೀವೊಬ್ಬ ಅಪ್ಪನಾ, ನನ್ನ ಮಗಳನ್ನು ನನಗೆ ತೋರಿಸುವುದಕ್ಕೆ ನಿಮ್ಮ ಅಪ್ಪಣೆ ಬೇಕಾ, ಎಷ್ಟು ದಿನದಿಂದ ಸುಳ್ಳು ಹೇಳುತ್ತಾ ಬಂದಿದ್ದೀರಿ ಎಂದು ಬೀದಿಯವರೆಲ್ಲ ಕೇಳುವ ಹಾಗೆ ಬೈದಳು. ಎದುರು ಮನೆಯ ಜನ ಬಾಗಿಲಿಗೆ ಬಂದರು. ನನಗೆ ಅವಳ ಬೈಗುಳದ ಭಯವಾಗಲಿಲ್ಲ, ನನ್ನದೇ ಭಯವಾಯಿತು. ಇನ್ನೊಂದು ಸಲ ಮಗಳು ಕೂಗಿದರೆ ನಾನು ತೆಗೆದುಬಿಡುತ್ತಿದ್ದೆ. ಕಿಟಕಿಯ ಹತ್ತಿರ ಹೋಗಿ ಬೀಗದ ಕೈಯನ್ನು ಸರಳುಗಳ ನಡುವೆ ಅಜ್ಜಿಯ ಕೈಗೆ ಹಾಕಿದೆ.

"ಒಳಗಿಟ್ಕೊಳ್ಳಿ. ನಾನ್ ಕೇಳಿದ್ರೂ ಕೊಡ್ಬೇಡಿ. ಕಾಲಿಗೆ ಬಿದ್ರೂ ಕೊಡ್ಬೇಡಿ."

ಅಜ್ಜಿ ನನ್ನನ್ನೊಮ್ಮೆ, ಗೇಟಿನ ಕಡೆಗೊಮ್ಮೆ ನೋಡಿದಳು. ಬೀಗದ ಕೈಯನ್ನು ಸೊಂಟಕ್ಕೆ ಸಿಕ್ಕಿಸಿಕೊಂಡು ಒಳಗೆ ಹೋದಳು. ಹೆಂಡತಿಯ ಬಾಯಿ ಅಲ್ಲಿಗೆ ನಿಂತಿತು. ಅವಳು 'ಆಗಿದೆ' ಎಂಬ ಮಾತನ್ನು ಮತ್ತೆ ಎತ್ತಲಿಲ್ಲ. ಮೋರಿಯ ಚಪ್ಪಡಿಯ ಮೇಲೆ ಬೀದಿಯಲ್ಲೇ ಕೂತು, ಸೆರಗಿನಲ್ಲಿ ಮುಖ ಮುಚ್ಚಿಕೊಂಡು ಅತ್ತಳು. ನಾನು ಒಳಗೆ ಹೋಗಿ ಮಗಳನ್ನು ಪಂಚೆ ಸಮೇತ ಎತ್ತಿಕೊಂಡು ಬಂದು ಓಣಿಯ ಆ ತುದಿಯಲ್ಲಿ, ನಮ್ಮ ಬಾಗಿಲಲ್ಲಿ ನಿಂತೆ. ಓಣಿಯ ಈ ತುದಿಯಿಂದ ಆ ತುದಿಗೆ ತಾಯಿ ಮಗಳು ಒಬ್ಬರನ್ನೊಬ್ಬರು ನೋಡಿಕೊಂಡರು. ಮಗಳು ಕೈ ಚಾಚಿದಳು. ಅವಳು ಕಂಬಿಯೊಳಗೆ ಕೈ ತೂರಿಸಿ, ಅಷ್ಟಕ್ಕೇ ನಿಲ್ಲಿಸಿ, ಮತ್ತೆ ಹಿಂದಕ್ಕೆ ಎಳೆದುಕೊಂಡಳು.

ಹೋಗುವ ಮುಂಚೆ ಅವಳು ಹೇಳಿದ್ದು ಕೆಲಸದ ಮಾತು. ತಲೆಯ ಗಂಟು ಈಗ ಬಿಡಿಸಬೇಡಿ, ಮೂರನೇ ನೀರಾದ ಮೇಲೆ ಕೊಬ್ಬರಿ ಎಣ್ಣೆ ಹಾಕಿ ಬೆರಳಿನಲ್ಲಿ ಬಿಡಿಸಿ ಎಂದಳು. ಬಾಯಿ ಹುಣ್ಣಿಗೆ ಬೆಣ್ಣೆ ಸವರಿ ಎಂದಳು. ನೀವು ಏನಾದರೂ ತಿನ್ನಿ, ಹೀಗಿರಬೇಡಿ ಎಂದಳು. ಹೊಸಿಲು ಮುಟ್ಟಿಲ್ಲ, ಉಟ್ಟ ಬಟ್ಟೆಯಲ್ಲೇ ತಲೆಗೆ ನೀರು ಹಾಕಿಕೊಂಡು ಕೂಸಿನ ಹತ್ತಿರ ಹೋಗು ಎಂದು ಅಜ್ಜಿ ಒಳಗಿನಿಂದಲೇ ಹೇಳಿದಳು. ಕೂಸಿಗೆ ನೀರು ಹಾಕುವ ಹೊತ್ತಾಗಿತ್ತು.

ಅವಳು ಬ್ಯಾಗು ಎತ್ತಿಕೊಂಡು ಬಸ್ ಸ್ಟ್ಯಾಂಡಿನ ಕಡೆ ನಡೆದಳು. ತೋಳಿನಲ್ಲಿ ಮಗಳು ಕೆಂಡದ ಹಾಗೆ ಸುಡುತ್ತಿದ್ದಳು. ಯಾಕಪ್ಪಾ ಅಮ್ಮನ್ನ ಕಳಿಸ್ದೆ, ನಿಂಗೆ ಅಮ್ಮ ಬೇಡ್ವಾ ಎಂದು ಕೇಳಿದಳು. ಬಾಯಿ ತೆರೆದರೆ ವಾಪಸ್ಸು ಬಾರೇ ಎಂದು ಕೂಗಿಬಿಡುತ್ತೇನೆಂದು ಹೆಗಲ ಮೇಲಿದ್ದ ಟವೆಲ್ಲನ್ನು ಹಲ್ಲಿನಲ್ಲಿ ಕಚ್ಚಿ ಹಿಡಿದು, ಅವಳು ತಿರುವಿನಲ್ಲಿ ಮರೆಯಾಗುವ ತನಕ ಹಾಗೇ ನಿಂತಿದ್ದೆ.